ಐದು ಅಂಕದ ಕೆಮ್ಮು

ದೀಪಶ್ರೀಗೆ ಎದುರು ಸಿಕ್ಕವರಿಗೆಲ್ಲ ಹೆಸರಿಡುವ ಚಟವಿತ್ತು. ಹೆಸರಿಡುವುದೆಂದರೆ ಊರವರು ಆಡಿಕೊಳ್ಳುವ ರೀತಿಯದಲ್ಲ, ಮನಃಶಾಸ್ತ್ರದ ಪುಸ್ತಕದಲ್ಲಿರುವ ಹೆಸರು. ಭದ್ರಾವತಿಯ ಬಸ್ಸಿನಲ್ಲಿ ಸೀಟು ಸಿಗದವನು ಪಕ್ಕದಲ್ಲಿ ನಿಂತವನ ಮೇಲೆ ರೇಗಿದರೆ ಅದು ಸ್ಥಾನಪಲ್ಲಟ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅರ್ಧ ದಿನ ಸೀರೆ ನೋಡಿ, ಕೊಳ್ಳಲಾಗದೆ ಹಿಂದಿರುಗಿದ ಅತ್ತಿಗೆ ಆ ಬಣ್ಣ ಎರಡು ಒಗೆತಕ್ಕೆ ಹೋಗುತ್ತಿತ್ತು ಬಿಡು ಎಂದರೆ ಅದು ಸಮರ್ಥನೀಕರಣ. ನನಗೆಲ್ಲಿಯ ಸಕ್ಕರೆ ಕಾಯಿಲೆ ಎನ್ನುತ್ತಲೇ ಮೈಸೂರುಪಾಕು ಮುರಿಯುವ ಸ್ವಂತ ತಾಯಿಯದು ನಿರಾಕರಣೆ. ಅದೇ ಊರಿನ ನವುಲೆ ಬಡಾವಣೆಯ ಮನೆಯಲ್ಲಿ ಆ ತಾಯಿ ಒಮ್ಮೆ ಬೇಸತ್ತು, "ನಿಂದಕ್ಕೆ ಏನಂತಾರೆ ಮಾರಾಯ್ತಿ?" ಎಂದು ಕೇಳಿದ್ದರು. ದೀಪಶ್ರೀ ನಕ್ಕುಬಿಟ್ಟಿದ್ದಳು. ಪಾಠ ಹೇಳುವವರು ಪಾಠದ ಹೊರಗಿರುತ್ತಾರೆ ಎಂದು ಅವಳು ಪ್ರಾಮಾಣಿಕವಾಗಿ ನಂಬಿದ್ದಳು.

ಅವಳಿಗೆ ಮೂವತ್ತನಾಲ್ಕು ವರ್ಷ. ವಾರವೆಲ್ಲ ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಪಾಠ. ಭಾನುವಾರ ಮಾತ್ರ ಭದ್ರಾವತಿಯ ಹಳೇನಗರದಲ್ಲಿದ್ದ ಒಂದು ಅಧ್ಯಯನ ಕೇಂದ್ರಕ್ಕೆ ಹೋಗಿ, ಕೆಲಸ ಮಾಡುತ್ತಲೇ ಡಿಗ್ರಿ ಓದುವವರಿಗೆ ಮನಃಶಾಸ್ತ್ರದ ಮೊದಲ ಪತ್ರಿಕೆ ಹೇಳಿಕೊಡುತ್ತಿದ್ದಳು. ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಲೇತ್ ಓಡಿಸುವವರು, ಹೋಂಗಾರ್ಡುಗಳು, ಬಟ್ಟೆ ಅಂಗಡಿಯ ಹೆಂಗಸರು, ಹೀಗೆ ವಾರದಲ್ಲಿ ಸಿಗುವ ಒಂದೇ ರಜೆಯನ್ನು ಬೆಂಚಿನ ಮೇಲೆ ಕಳೆಯಲು ಬಂದವರು. ಎಲ್ಲರೂ ಕನ್ನಡ ಮಾಧ್ಯಮದವರು. ಅವರಿಗೆಂದು ಅಚ್ಚಾದ ಪಠ್ಯಪುಸ್ತಕವೊಂದು ಬೀರುವಿನಲ್ಲಿತ್ತು. ಅದರ ಕನ್ನಡಕ್ಕೆ ಹೆದರಿ ಯಾರೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದುದು ದೀಪಶ್ರೀಯ ನೋಟ್ಸು.

ಆ ನೋಟ್ಸು ಅವಳದಲ್ಲ, ಅವಳ ಗುರುಗಳದು. ಅವರು ಹೇಳಿ ಬರೆಸಿದ್ದನ್ನು ಅವಳು ಡಿಗ್ರಿಯಲ್ಲಿ ದುಂಡಗೆ ಬರೆದುಕೊಂಡಿದ್ದಳು, ಅದನ್ನೇ ಒಂಬತ್ತು ವರ್ಷದಿಂದ ಬರೆಸುತ್ತಿದ್ದಳು. ಮಾತು ಮಾತೂ ಬಾಯಿಗೆ ಬಂದಿತ್ತು. ಕಲಿಕೆಯ ಅಧ್ಯಾಯದಲ್ಲಿ ಒಂದು ಸಾಲು ಹೀಗಿತ್ತು: "ಋಣಾತ್ಮಕ ಪುನರ್ಬಲನ ಎಂದರೆ ತಪ್ಪು ಮಾಡಿದವನಿಗೆ ಶಿಕ್ಷೆ ಕೊಟ್ಟು ವರ್ತನೆಯನ್ನು ತಿದ್ದುವುದು. ಉದಾ: ಮನೆಗೆಲಸ ಮಾಡದ ಬಾಲಕನಿಗೆ ಬೆತ್ತದ ಏಟು." ಪ್ರತಿ ವರ್ಷವೂ ಅಸೈನ್‌ಮೆಂಟಿನಲ್ಲಿ ಇದೇ ಪ್ರಶ್ನೆ, ಐದು ಅಂಕ. ಪ್ರತಿ ವರ್ಷವೂ ಅದೇ ಬಾಲಕ, ಅದೇ ಏಟು. ದೀಪಶ್ರೀ ಮೊದಲ ಸಾಲಿನಲ್ಲಿ 'ಶಿಕ್ಷೆ' ಎಂಬ ಮಾತು ಹುಡುಕುತ್ತಿದ್ದಳು. ಇದ್ದರೆ ಕೆಂಪು ಗೆರೆ ಎಳೆದು ಅಂಕ ಹಾಕುವುದು, ಇಲ್ಲದಿದ್ದರೆ ಸೊನ್ನೆ ಸುತ್ತಿ ಮುಂದಿನ ಪುಟ. ಅಸೈನ್‌ಮೆಂಟ್ ಪುಸ್ತಕಗಳು ನೂರಕ್ಕೂ ಮೇಲಿರುತ್ತಿದ್ದವು, ಇನ್ನು ಹೇಗೆ ತಾನೇ ತಿದ್ದಿಯಾರು.

ಈ ವರ್ಷ ಕೇಂದ್ರಕ್ಕೆ ಜನ ಕಡಿಮೆಯಾಗಿ ಪುಸ್ತಕಗಳು ಮೂವತ್ತೆರಡಕ್ಕೆ ಇಳಿದವು. ಅದರಿಂದ ಅವಳು ಉತ್ತರಗಳನ್ನು ಪೂರ್ತಿ ಓದತೊಡಗಿದಳು. ಮೂವತ್ತೊಂದು ಪುಸ್ತಕಗಳಲ್ಲಿ ಬಾಲಕ ಏಟು ತಿಂದಿದ್ದ. ಮೂವತ್ತೆರಡನೆಯದು ತುಂಗಮ್ಮ ಎಂಬವರದು. ಅದರಲ್ಲಿ ಹೀಗಿತ್ತು:

"ಋಣಾತ್ಮಕ ಪುನರ್ಬಲನ ಎಂದರೆ ಋಣದಿಂದ ಒಬ್ಬರ ನಡವಳಿಕೆಯನ್ನು ಗಟ್ಟಿ ಮಾಡುವುದು. ಉದಾಹರಣೆಗೆ ನಮ್ಮ ಯಜಮಾನರು ತೀರಿಕೊಂಡ ಮೇಲೆ ಭಾವನವರಾದ ಭೈರಪ್ಪನವರು ನನಗೂ ಮಗಳಿಗೂ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಅದು ಅವರ ಋಣ. ಬೆಳಿಗ್ಗೆ ಐದೂವರೆಗೆ ಭಾವನವರು ನಡುಮನೆಯಲ್ಲಿ ಕೂತು ಕೆಮ್ಮುತ್ತಾರೆ. ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಕಾಫಿ ಕೊಟ್ಟರೆ ಕೆಮ್ಮು ನಿಲ್ಲುತ್ತದೆ. ಮೊದಮೊದಲು ಕೆಮ್ಮು ಕೇಳಿ ಏಳುತ್ತಿದ್ದೆ. ಈಗ ಕೆಮ್ಮು ಶುರುವಾಗುವ ಮೊದಲೇ ಎದ್ದು ಕಾಫಿಗೆ ಇಡುತ್ತೇನೆ. ಹನ್ನೊಂದು ವರ್ಷವಾಯಿತು."

ದೀಪಶ್ರೀ ಇದನ್ನು ಎರಡು ಸಲ ಓದಿ ಎರಡು ಸಲವೂ ನಕ್ಕಳು. ಸೋಮವಾರ ಶಿವಮೊಗ್ಗದ ಕಾಲೇಜಿಗೂ ಒಯ್ದು ಸ್ಟಾಫ್‌ರೂಮಿನಲ್ಲಿ ಗಟ್ಟಿಯಾಗಿ ಓದಿದಳು, ಎಲ್ಲರೂ ನಕ್ಕರು. ಋಣಾತ್ಮಕ ಎಂದರೆ ಕಳೆಯುವ ಚಿಹ್ನೆಯದು ಎಂದು ತಿಳಿಯದೆ, ಅನ್ನದ ಋಣ, ಮಣ್ಣಿನ ಋಣ ಅನ್ನುತ್ತಾರಲ್ಲ, ಆ ಋಣವನ್ನು ತಂದು ಕೂಡಿಸಿದ್ದಾಳೆ ಹೆಂಗಸು. ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಋಣಕ್ಕೂ ಋಣಾತ್ಮಕಕ್ಕೂ ಸಂಬಂಧವಿಲ್ಲ" ಎಂದು ಬರೆದು ಸೊನ್ನೆ ಸುತ್ತಿದಳು. ಒಟ್ಟು ಮೂವತ್ತಕ್ಕೆ ಹತ್ತು ಬಂತು. ಪಾಸಾಗಲು ಹನ್ನೆರಡು ಬೇಕು. ಅಂಕಪಟ್ಟಿ ಕೇಂದ್ರದ ಸಂಯೋಜಕ ಪ್ರಸನ್ನಕುಮಾರ್ ಅವರ ಮೇಜಿಗೆ ಹೋಯಿತು.

ಮುಂದಿನ ಭಾನುವಾರ ಪಾಠ ಮುಗಿದ ಮೇಲೆ ತುಂಗಮ್ಮ ಬಂದರು. ನಲವತ್ತಮೂರು ವರ್ಷದ, ಗಿಡ್ಡ ನಿಲುವಿನ ಹೆಂಗಸು. ಅಂಗನವಾಡಿಯಲ್ಲಿ ಶಿಕ್ಷಕಿ. ಬೇರೆ ಎಲ್ಲ ಪತ್ರಿಕೆ ಪಾಸಾಗಿ ಇದೊಂದು ಉಳಿದಿತ್ತು. ಇದು ಮುಗಿದರೆ ಡಿಗ್ರಿ. ಡಿಗ್ರಿ ಇದ್ದರೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬಹುದು. ಆ ಕೆಲಸ ಸಿಕ್ಕರೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಮಗಳೊಡನೆ ಬೇರೆ ಇರಬಹುದು. ಅವರ ನೋಂದಣಿಯ ಅವಧಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ ಫೇಲಾಗಿದ್ದರು. ಕಲಿಕೆಯ ಅಧ್ಯಾಯ ನಡೆದ ಭಾನುವಾರ ಪೋಲಿಯೊ ಹನಿ ಹಾಕುವ ದಿನವಾಗಿದ್ದರಿಂದ ಕ್ಲಾಸಿಗೇ ಬರಲಾಗಿರಲಿಲ್ಲ, ಆ ನೋಟ್ಸು ಮುಂದೆಯೂ ಅವರ ಕೈಗೆ ಸಿಕ್ಕಿರಲಿಲ್ಲ. ಹೋದ ವರ್ಷ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿದ್ದರಲ್ಲಿ ಅಸೈನ್‌ಮೆಂಟ್ ಕೊಡುವ ತಾರೀಖು ದಾಟಿತ್ತು. ಈ ಸಲ ಹತ್ತು ಅಂಕ ಎಂದು ನೋಟಿಸ್ ಬೋರ್ಡಿನಲ್ಲಿ ನೋಡಿ ಬಂದಿದ್ದರು. ತಿದ್ದಿದ ಪುಸ್ತಕ ಕೇಳಿದವರಿಗೆ ತೋರಿಸಬೇಕೆಂದು ಕೇಂದ್ರದವರು ಈ ವರ್ಷದಿಂದ ನಿಯಮ ಮಾಡಿದ್ದರು.

ಅಂಕ ಬೇಡಲು ಬಂದಿದ್ದಾರೆ ಎಂದುಕೊಂಡು ದೀಪಶ್ರೀ ಮೊದಲೇ ಮುಖ ಬಿಗಿದಳು. ತುಂಗಮ್ಮ ಅಂಕದ ಮಾತೆತ್ತಲಿಲ್ಲ. ಪುಸ್ತಕ ತೆರೆದು ಕೆಂಪು ಸಾಲಿನ ಮೇಲೆ ಬೆರಳಿಟ್ಟು, ಇದು ಋಣವಲ್ಲದಿದ್ದರೆ ಮತ್ತೇನು ಎಂದು ಕೇಳಿದರು. ಋಣಾತ್ಮಕ ಎಂದರೆ ಮೈನಸ್ಸು ಎಂದು ದೀಪಶ್ರೀ ವಿವರಿಸಿದಳು. ಬೋರ್ಡಿನ ಮೇಲೆ ಒಂದು ಅಡ್ಡಗೆರೆಯನ್ನೂ ಎಳೆದು ತೋರಿಸಿದಳು. ತುಂಗಮ್ಮ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಹೆಸರು ತಪ್ಪಾಗಿರ್ಬೋದು ಮೇಡಂ. ಆದ್ರೆ ಕೆಮ್ಮು ಸುಳ್ಳಲ್ಲ," ಎಂದರು. "ಅದಕ್ಕೆ ಸರಿಯಾದ ಹೆಸರು ಏನು ಅಂತ ಹೇಳಿ, ಬರ್ಕೊಳ್ತೀನಿ."

ವಾದ ಬೆಳೆಯುವುದು ಬೇಡವೆಂದು ದೀಪಶ್ರೀ ಬೀರು ತೆಗೆದು ಪಠ್ಯಪುಸ್ತಕ ಹೊರಗೆಳೆದಳು. ಅಚ್ಚಿನಲ್ಲಿದ್ದುದನ್ನು ತೋರಿಸಿದರೆ ಯಾರೂ ಮರುಮಾತಾಡುವುದಿಲ್ಲ ಎಂಬುದು ಅವಳ ಅನುಭವ. ಪುಟ ಸಿಕ್ಕಿತು. ಓದಿ ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತಳು.

ಅಲ್ಲಿದ್ದುದು ಇಷ್ಟು. ಹಿತವಲ್ಲದ ಒಂದು ಸಂಗತಿ ನಡೆಯುತ್ತಿರುತ್ತದೆ. ನಾವು ಏನೋ ಒಂದು ಮಾಡಿದಾಗ ಅದು ನಿಲ್ಲುತ್ತದೆ. ನಿಲ್ಲುತ್ತದೆ ಎಂಬ ಕಾರಣಕ್ಕೇ ನಾವು ಅದನ್ನು ಮತ್ತೆ ಮತ್ತೆ ಮಾಡುತ್ತೇವೆ. ಇದು ಋಣಾತ್ಮಕ ಪುನರ್ಬಲನ. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಇದನ್ನು ಶಿಕ್ಷೆ ಎಂದು ತಿಳಿಯಬಾರದು, ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ, ಇದು ಬೆಳೆಸುತ್ತದೆ.

ದೀಪಶ್ರೀ ಆ ದಪ್ಪ ಅಕ್ಷರದ ಸಾಲನ್ನು ಮೂರು ಸಲ ಓದಿದಳು. ಪುಸ್ತಕ ಮುಚ್ಚಿ, ಇನ್ನೊಮ್ಮೆ ನೋಡಿ ಹೇಳುತ್ತೇನೆ, ಮುಂದಿನ ವಾರ ಬನ್ನಿ ಎಂದಳು. ತುಂಗಮ್ಮ ಆಗಲಿ ಎಂದು ತಲೆಯಾಡಿಸಿ, ಬರ್ತೀನಿ ಮೇಡಂ ಎಂದು ಹೇಳಿ ಹೊರಟರು.

ಇನ್ನು ಆ ವಾರದ ಕಥೆ. ಅವಳ ತಾಯಿ ಕೇಳಿದ್ದ ಪ್ರಶ್ನೆಗೆ ಒಂದಲ್ಲ, ನಾಲ್ಕು ಉತ್ತರ ಸಿಕ್ಕ ವಾರ ಅದು. ವಾಪಸು ಬಸ್ಸು ಮಾಚೇನಹಳ್ಳಿ ದಾಟುವ ಹೊತ್ತಿಗೆ ಅಚ್ಚಿನ ತಪ್ಪಿರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಮನೆಗೆ ಬಂದು ಬೇರೆ ಮೂರು ಪುಸ್ತಕಗಳಲ್ಲಿ ಹುಡುಕಿದಳು, ಮೂರರಲ್ಲೂ ಅದೇ ಇತ್ತು. ಸೋಮವಾರ ಗುರುಗಳ ಮೇಲೆ ಸಿಟ್ಟು ಬಂತು. ಅವರು ಬರೆಸಿದ್ದನ್ನು ತಾನು ಬರೆದುಕೊಂಡದ್ದು, ತನ್ನದೇನು ತಪ್ಪು. ಬುಧವಾರ, ಮೊದಲ ವರ್ಷದವರಿಗೆ ಶಿಕ್ಷೆ ಎಂದು ಹೇಳುವುದೇ ಸುಲಭ, ಸೂಕ್ಷ್ಮವೆಲ್ಲ ಮುಂದೆ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಗುರುವಾರ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ತಾಯಿಯ ಮೇಲೆ ಹರಿಹಾಯ್ದಳು. ಉಪ್ಪು ಸರಿಯಾಗಿಯೇ ಇತ್ತು. ಒಂದೊಂದಕ್ಕೂ ಏನು ಹೆಸರೆಂದು ಅವಳಿಗೆ ಗೊತ್ತಿತ್ತು, ಅದೇ ದೊಡ್ಡ ಹಿಂಸೆ. ಗೊತ್ತಿದ್ದರೂ ಒಂದೂ ಬಿಡದೆ ಮಾಡಿದಳು.

ಶುಕ್ರವಾರ ಅವಳಿಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಬೇರೆಯವರಿಗೆ ಹೆಸರಿಡುತ್ತಾ ಬಂದವಳು ತಾನು ಹೇಳಿಕೊಡುವ ಪಾಠವನ್ನೇ ಓದಿರಲಿಲ್ಲ. ಆ ಅಧ್ಯಾಯವನ್ನು ಓದದ, ಅದರ ಕ್ಲಾಸಿಗೂ ಬಾರದ ಒಬ್ಬ ಹೆಂಗಸು ಅರ್ಥವನ್ನು ಎಲ್ಲಿಂದಲೋ ತಪ್ಪಾಗಿ ಎತ್ತಿಕೊಂಡು, ಉದಾಹರಣೆಯನ್ನು ಮಾತ್ರ ಬೆಳಗಿನ ಐದೂವರೆಯಿಂದ ಸರಿಯಾಗಿ ತಂದಿದ್ದಳು. ಕಾಫಿ ಕೊಟ್ಟರೆ ಕೆಮ್ಮು ನಿಲ್ಲುತ್ತದೆ. ಕೆಮ್ಮು ನಿಲ್ಲುತ್ತದೆಂದೇ ತುಂಗಮ್ಮ ಹನ್ನೊಂದು ವರ್ಷದಿಂದ ಕಾಫಿಗೆ ಇಡುತ್ತಿದ್ದಾರೆ. ಮೂವತ್ತೆರಡು ಪುಸ್ತಕಗಳಲ್ಲಿ ಪ್ರಶ್ನೆಗೆ ಉತ್ತರವಿದ್ದುದು ಅದೊಂದರಲ್ಲೇ. ಅಂಕಪಟ್ಟಿ ತಿದ್ದಲು ಶನಿವಾರ ಕೊನೆಯ ದಿನ. ದೀಪಶ್ರೀ ಶನಿವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಭದ್ರಾವತಿಯ ಬಸ್ಸು ಹತ್ತಿದಳು.

ಪ್ರಸನ್ನಕುಮಾರ್ ಒಳ್ಳೆಯ ಮನುಷ್ಯ. ಕೇಂದ್ರ ನಡೆಯಬೇಕು, ಫೈಲು ಬೆಳೆಯಬಾರದು, ಇಷ್ಟೇ ಅವರ ಆಸೆ. ದೀಪಶ್ರೀ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನೋಟ್ಸೇ ತಪ್ಪು ಎಂದು ಬರೆದುಕೊಟ್ಟರೆ ಮೂವತ್ತೊಂದು ಜನರ ಪುಸ್ತಕ ಮತ್ತೆ ತಿದ್ದಬೇಕಾಗುತ್ತದೆ, ಅವರಲ್ಲಿ ಏಳೆಂಟು ಮಂದಿ ಫೇಲಾಗುತ್ತಾರೆ, ಅವರು ಗಲಾಟೆ ಮಾಡುತ್ತಾರೆ, ಮುಂದಿನ ವರ್ಷ ಈ ಪತ್ರಿಕೆ ಯಾರಿಗೆ ಕೊಡಬೇಕೆಂಬ ಮಾತೂ ಬರುತ್ತದೆ ಎಂದರು. ಕೊನೆಯದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ.

"ಕೂಡೋದ್ರಲ್ಲಿ ತಪ್ಪಾಯ್ತು ಅಂತ ಬರೀರಿ ಮೇಡಂ," ಎಂದರು. "ಆ ಯಮ್ಮಂಗೂ ಉಪಕಾರ ಆಗುತ್ತೆ, ಯಾರಿಗೂ ತೊಂದ್ರೆ ಇಲ್ಲ."

ಅವಳು ಹಾಗೆಯೇ ಬರೆದಳು. ಐದಕ್ಕೆ ನಾಲ್ಕು ಹಾಕಿದಳು, ಹತ್ತು ಹದಿನಾಲ್ಕಾಯಿತು. ಉತ್ತರ ಸರಿಯಿದ್ದಾಗ ಒಂದು ಅಂಕ ಏಕೆ ಹಿಡಿದುಕೊಂಡಳು ಎಂದು ಕೇಳಿದರೆ ಅವಳೂ ಹೇಳಲಾರಳು. ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದಳು. ಹೊರಗೆ ಬಂದಾಗ ಹಗುರವಾದಂತೆ ಅನ್ನಿಸಿತು. ನವುಲೆಗೆ ಬಂದು ತಾಯಿಯ ಸಾರನ್ನು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ಪ್ರಸನ್ನಕುಮಾರ್ ಸುಮ್ಮನಿರಲಿಲ್ಲ. ಒಳ್ಳೆಯ ಸುದ್ದಿಯನ್ನು ತಾವೇ ಮುಟ್ಟಿಸುವ ಅಭ್ಯಾಸ ಅವರಿಗಿತ್ತು. ಅಂದು ಸಂಜೆಯೇ ತುಂಗಮ್ಮನಿಗೆ ಫೋನ್ ಮಾಡಿ, ದೀಪಶ್ರೀ ಮೇಡಂ ದೊಡ್ಡ ಮನಸ್ಸು ಮಾಡಿ ಪಾಸು ಮಾಡಿಸಿದ್ದಾರೆ, ನಿಮಗಾಗಿ ರಜೆ ಹಾಕಿ ಶಿವಮೊಗ್ಗದಿಂದ ಬಂದಿದ್ದರು ಎಂದು ಹೇಳಿದರು. ಒಂದು ಮಾತೂ ಸುಳ್ಳೆನ್ನುವ ಹಾಗಿರಲಿಲ್ಲ.

ಭಾನುವಾರ ತುಂಗಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಕ್ಲಾಸಿನವರೆಲ್ಲ ಹೋಗುವ ತನಕ ಬಾಗಿಲ ಬಳಿ ನಿಂತಿದ್ದು, ಆಮೇಲೆ ಒಳಗೆ ಬಂದು ಏನೂ ಹೇಳದೆ ಬಗ್ಗಿ ದೀಪಶ್ರೀಯ ಕಾಲು ಮುಟ್ಟಲು ಹೋದರು. ತನಗಿಂತ ಒಂಬತ್ತು ವರ್ಷ ದೊಡ್ಡವರು. ದೀಪಶ್ರೀ ಗಾಬರಿಯಿಂದ ಹಿಂದೆ ಸರಿದಳು, ಕುರ್ಚಿಯ ಸದ್ದಾಯಿತು.

"ನಿಮ್ಮ ಋಣ ಹೆಂಗ್ ತೀರಿಸ್ಲಿ ಮೇಡಂ," ಎಂದರು ತುಂಗಮ್ಮ. ಕಣ್ಣು ಒದ್ದೆಯಾಗಿತ್ತು. "ನಮ್ಮ ಮನೆಯೋರು ಹೋದ್ಮೇಲೆ ಭಾವ ಒಬ್ರು ಕೈ ಹಿಡಿದ್ರು. ಅವರು ಬಿಟ್ರೆ ನೀವು."

ದೀಪಶ್ರೀ ಬೇಡ ಬೇಡ ಎಂದಳು. ತುಂಗಮ್ಮ ನಿಲ್ಲಿಸಲಿಲ್ಲ. ಇನ್ನು ಮೇಲೆ ಭಾನುವಾರ ಕ್ಲಾಸಿಗೆ ಮೊದಲು ತಾವೇ ಬಂದು ಕೋಣೆ ಗುಡಿಸುವುದಾಗಿಯೂ, ಮೇಡಂ ಹೊರಗೆ ತಿನ್ನಬಾರದೆಂದೂ, ಬುತ್ತಿ ತರುವುದಾಗಿಯೂ ಹೇಳಿದರು. ದೀಪಶ್ರೀಗೆ ಕೇಳಿಸಿಕೊಳ್ಳಲಾಗಲಿಲ್ಲ. ಈ ಮಾತು ನಿಲ್ಲಬೇಕಿತ್ತು. ನಿಲ್ಲಿಸಲು ಒಂದೇ ದಾರಿ ಕಂಡಿತು. ಅವಳು ನಿಜ ಹೇಳಿದ್ದು ಸತ್ಯದ ಮೇಲಿನ ಪ್ರೀತಿಗಲ್ಲ, ಆ ಕೃತಜ್ಞತೆಯನ್ನು ತಡೆಯಲಾಗದೆ. ಇದಕ್ಕೂ ಪುಸ್ತಕದಲ್ಲಿ ಹೆಸರಿದೆ, ಅದೇ ಪುಟದಲ್ಲಿ.

ಅವಳು ತುಂಗಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಬೀರುವಿನಿಂದ ಪಠ್ಯಪುಸ್ತಕ ತೆಗೆದು, ಹೋದ ವಾರ ಓದದೆ ಬಿಟ್ಟ ಸಾಲುಗಳನ್ನು ಓದಿ ಹೇಳಿದಳು. ಹಿತವಲ್ಲದ ಸಂಗತಿ ಎಂದರೆ ಕೆಮ್ಮು. ನಾವು ಮಾಡುವುದು ಎಂದರೆ ಕಾಫಿ. ಕೆಮ್ಮು ಇಲ್ಲವಾಗುತ್ತದೆಯಲ್ಲ, ಆ ಕಳೆಯುವುದಕ್ಕೇ ಮೈನಸ್ಸು. ನೀವು ಬರೆದದ್ದೇ ಸರಿ, ಋಣ ಎಂಬ ಮಾತೊಂದು ತಪ್ಪು. ನಾನು ಬರೆಸಿದ್ದೇ ಪೂರ್ತಿ ತಪ್ಪು. ನಾನು ಯಾವ ಉಪಕಾರವನ್ನೂ ಮಾಡಿಲ್ಲ, ನಿಮ್ಮ ಅಂಕವನ್ನು ನಿಮಗೆ ಕೊಟ್ಟಿದ್ದೇನೆ ಎಂದಳು. ಒಂಬತ್ತು ವರ್ಷದಲ್ಲಿ ಅವಳು ನೋಟ್ಸಿಲ್ಲದೆ ಹೇಳಿದ ಮೊದಲ ಪಾಠ ಅದು.

ಮೇಡಂ ತನ್ನ ಭಾರ ಇಳಿಸಲು ಹೀಗೆ ಹೇಳುತ್ತಿದ್ದಾರೆ ಎಂದೇ ತುಂಗಮ್ಮ ಮೊದಲು ತಿಳಿದರು. ದಪ್ಪ ಅಕ್ಷರದ ಸಾಲಿನ ಮೇಲೆ ತಾವೇ ಬೆರಳಾಡಿಸಿ, ತುಟಿ ಅಲುಗಿಸುತ್ತಾ ಓದಿದ ಮೇಲೆ ನಂಬಿದರು. ನಂಬಿದೊಡನೆ ಮುಖ ಅರಳಿತು. ಪಾಠ ಅರ್ಥವಾದ ಮುಖ ಅದು, ಅಂಥ ಮುಖವನ್ನು ದೀಪಶ್ರೀ ಈ ಕೋಣೆಯಲ್ಲಿ ಹೆಚ್ಚು ನೋಡಿರಲಿಲ್ಲ.

"ಹಂಗಾದ್ರೆ ಭಾವನಿಗೆ ಕೆಮ್ಮೋದು ಕಲಿಸಿದ್ದೂ ನಾನೇ ಅಲ್ವಾ ಮೇಡಂ?" ಎಂದರು. "ಕೆಮ್ಮಿದಾಗೆಲ್ಲ ಕಾಫಿ ಕೊಟ್ಟೆ. ಕೆಮ್ಮಿದ್ರೆ ಬರುತ್ತೆ ಅಂತ ಅವರು ಕಲ್ತ್ರು."

ದೀಪಶ್ರೀ ಹೌದು ಎಂದಳು. ಇಬ್ಬರೂ ನಕ್ಕರು. ದೀಪಶ್ರೀ ಮನಸಾರೆ ನಕ್ಕಳು, ಎಲ್ಲ ಮುಗಿಯಿತು ಎಂದುಕೊಂಡಳು. ತುಂಗಮ್ಮನ ನಗು ಮಾತ್ರ ಅರ್ಧಕ್ಕೆ ನಿಂತಿತು. ಅವರು ಪುಸ್ತಕದ ಪುಟವನ್ನೇ ನೋಡುತ್ತಾ ಬೆರಳಿನಲ್ಲಿ ಏನೋ ಲೆಕ್ಕ ಹಾಕಿದರು.

"ಎರಡು ವರ್ಷದ ಹಿಂದೆನೂ ಇದೇ ಬರ್ದಿದ್ದೆ ಮೇಡಂ. ಇದೇ ಕೆಮ್ಮು, ಇದೇ ಕಾಫಿ. ಆಗ ಪುಸ್ತಕ ತೋರಿಸ್ತಿರ್ಲಿಲ್ಲ, ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ಲಿಲ್ಲ. ಅದೂ ಸರಿ ಇತ್ತಾ?"

ದೀಪಶ್ರೀ ನೆನಪಿಸಿಕೊಳ್ಳಲು ನೋಡಿದಳು. ಆ ವರ್ಷ ನೂರಿಪ್ಪತ್ತು ಪುಸ್ತಕಗಳಿದ್ದವು. ಮೊದಲ ಸಾಲಿನಲ್ಲಿ 'ಶಿಕ್ಷೆ' ಇದೆಯೇ ಎಂದು ನೋಡಿರಬೇಕು, ಸೊನ್ನೆ ಸುತ್ತಿರಬೇಕು. ಕೆಮ್ಮಿನ ತನಕ ಕಣ್ಣು ಹೋಗಿಯೇ ಇರಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು, ಅದನ್ನು ಕಂಡು ಹಿಡಿಯುವವರು ಯಾರೂ ಇರಲಿಲ್ಲ.

"ಸರಿ ಇತ್ತು," ಎಂದಳು.

ತುಂಗಮ್ಮ ಸಿಟ್ಟಾದಂತೆ ಕಾಣಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳ ಹಾಜರಿ ಒಪ್ಪಿಸುವ ದನಿಯಲ್ಲೇ ಹೇಳಿದರು.

"ಆ ವರ್ಷ ಜಿಲ್ಲೆಗೆ ಹತ್ತೊಂಬತ್ತು ಮೇಲ್ವಿಚಾರಕಿ ಪೋಸ್ಟ್ ಕರೆದಿದ್ರು. ಈ ಸಲ ಎರಡು."

ದೀಪಶ್ರೀ ಕ್ಷಮಿಸಿ ಎಂದಳು. ಆ ಮಾತು ಕೋಣೆಯಲ್ಲಿ ಸಣ್ಣದಾಗಿ ಕೇಳಿಸಿತು. ಎರಡು ವರ್ಷವೆಂದರೆ ಏಳುನೂರಕ್ಕೂ ಮೇಲ್ಪಟ್ಟ ಬೆಳಗುಗಳು ಎಂಬುದಷ್ಟೇ ತಲೆಗೆ ಬಂತು. ಇದಕ್ಕೆ ಯಾವ ಪುಸ್ತಕದಲ್ಲೂ ಅವಳು ಹೆಸರು ಕಂಡಿರಲಿಲ್ಲ.

ತುಂಗಮ್ಮ ಪಠ್ಯಪುಸ್ತಕವನ್ನು ಮುಚ್ಚಿ ಎರಡೂ ಕೈಯಿಂದ ಮೇಜಿನ ಮೇಲಿಟ್ಟರು. ಗುಡಿಸುವ ಮಾತನ್ನಾಗಲಿ ಬುತ್ತಿಯ ಮಾತನ್ನಾಗಲಿ ಮತ್ತೆ ಆಡಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತರು. ಪಾಠ ಹೇಳಿಕೊಟ್ಟವರಿಗೆ ಹೇಳದೆ ಹೋಗುವುದು ಅವರಿಂದಾಗದು. ಆದರೆ ಬರ್ತೀನಿ ಎನ್ನಲಿಲ್ಲ.

"ಹೋಗ್ತೀನಿ ಮೇಡಂ," ಎಂದರು.